ಸಂತ ಕ್ಲಾರಾಳ ಮೊಟ್ಟೆಗಳು

ಇದು ನಿಜವಾಗಿ ನಡೆದದ್ದು. ನಾನು ಹೇಳುವ ಸಂಗತಿಗಳಲ್ಲಿ ನಿಜವಾಗಿ ನಡೆದವು ಕಡಿಮೆಯಾದ್ದರಿಂದ ಮೊದಲೇ ಹೇಳಿ ಇಡುವುದು ಕ್ಷೇಮ. ಅನುಮಾನವಿದ್ದವರು ಮೆಕಾಂಗ್ ನದಿಯ ಥಾಯ್ ದಡದಲ್ಲಿರುವ ನಮ್ಮೂರಿಗೆ ಬಂದು ಶಾಲೆಯ ಯಾವ ಮಗುವನ್ನಾದರೂ ಕೇಳಬಹುದು. ಮಗು ಬಾಯಿ ಬಿಡುವುದಿಲ್ಲ. ತನ್ನ ಹಣೆಗೆ ತಾನೇ ಒಂದು ಪೆಟ್ಟು ಕೊಟ್ಟುಕೊಂಡು, ಕಿಸಕ್ಕನೆ ನಕ್ಕು ಓಡಿಹೋಗುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಬಳಿ ಇಲ್ಲ.

ನಾವು ಫಿಲಿಪ್ಪೀನ್ಸಿನ ಇಲೋಯ್ಲೋ ಕಡೆಯವರು. ನಾನು ವೆಂಡೆಲ್, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ಮೇಷ್ಟ್ರು. ಹೆಂಡತಿ ಮರಿವಿಕ್ ಅದೇ ಶಾಲೆಯ ಶಿಶುವಿಹಾರದ ಟೀಚರ್. ಮಗಳು ಹುಟ್ಟಿದ ಮೇಲೆ ಅವಳೂ ನನ್ನನ್ನು ಮಗಳಂತೆಯೇ ‘ಪಾ’ ಎನ್ನತೊಡಗಿದಳು. ಬೈಯುವಾಗ ಮಾತ್ರ ಪೂರ್ತಿ ಹೆಸರು. ನಮ್ಮಂಥವರು ಈ ಸೀಮೆಯ ಸಣ್ಣ ಸಣ್ಣ ಊರುಗಳಲ್ಲೆಲ್ಲ ಇದ್ದೇವೆ. ಊರಿಗೊಂದು ಇಂಗ್ಲಿಷ್ ಶಾಲೆ, ಶಾಲೆಗೊಂದು ಫಿಲಿಪ್ಪೀನ್ಸಿನ ಜೋಡಿ, ಜೋಡಿಗೊಂದು ಹಾಡುವ ಯಂತ್ರ, ಅದರ ಎರಡೂ ಕಡೆ ನಿದ್ದೆಗೆಟ್ಟ ನೆರೆಹೊರೆ.

ಮಗಳು ಪಿಯಾಳಿಗೆ ಹನ್ನೊಂದು ವರ್ಷ, ಇದು ಅವಳ ನಾಲ್ಕನೆಯ ದೇಶ. ನಾಲ್ಕು ರಾಷ್ಟ್ರಗೀತೆಗಳ ಮೊದಲ ಸಾಲು ಅವಳಿಗೆ ಬಾಯಿಪಾಠ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಮ್ಮ ಕರಾರು ಮುಗಿದಿರುತ್ತದೆ. ಹಾಗಾಗಿ ಅವಳು ಒಂದು ಅಭ್ಯಾಸ ಮಾಡಿಕೊಂಡಿದ್ದಳು: ಯಾವ ಮನೆಗೆ ಹೋದರೂ ಬಟ್ಟೆಗಳನ್ನು ಕಪಾಟಿಗೆ ಇಡುತ್ತಿರಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸಿನಿಂದ ತೆಗೆದು ತೊಡುವುದು, ಒಗೆದು ಅದರಲ್ಲೇ ಇಡುವುದು. “ಆಮೇಲೆ ಹೇಗೂ ತುಂಬಬೇಕಲ್ಲ,” ಎನ್ನುತ್ತಿದ್ದಳು, ಬಾಡಿಗೆ ಮನೆಗಳಲ್ಲೇ ತಲೆ ನೆರೆಸಿಕೊಂಡ ಮುದುಕಿಯ ಹಾಗೆ.

ಈ ಊರಿನಲ್ಲಿ ಅವಳಿಗೆ ಬೈತೋಂಗ್ ಎಂಬ ಗೆಳತಿ ಸಿಕ್ಕಿದಳು. ಇಬ್ಬರೂ ಸೇರಿ ಶಾಲೆಯ ಮಾವಿನ ಮರಗಳಿಗೆಲ್ಲ ಹೆಸರಿಟ್ಟರು, ಒಂದೇ ಐಸ್‌ಕ್ರೀಮನ್ನು ಎರಡು ಕಡೆಯಿಂದ ತಿಂದರು, ಮಾತು ಬಿಟ್ಟರು, ಮತ್ತೆ ಆಡಿದರು. ಜನವರಿಯಲ್ಲಿ ಒಂದು ದಿನ ನೋಡಿದರೆ ಪಿಯಾ ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿದ್ದಾಳೆ. ಸೂಟ್‌ಕೇಸಿನಲ್ಲಿ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ. “ಇರ್ಲಿ ಬಿಡು ಪಾ, ನಮಗಿನ್ನು ಅದು ಬೇಡ,” ಎಂದಳು. ಮರಿವಿಕ್ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಅತ್ತು ಬಂದಳು.

ಆ ಬೆಕ್ಕಿನ ಸಂಸಾರವನ್ನು ಎಬ್ಬಿಸಬೇಕಾಗುತ್ತದೆಯೋ ಇಲ್ಲವೋ ಎನ್ನುವುದು ನನ್ನ ಕರಾರಿನ ಮೇಲೆ ನಿಂತಿತ್ತು. ನಮ್ಮ ಶಾಲೆಯಲ್ಲಿ ‘ಇಲ್ಲ’ ಎಂದು ಯಾರೂ ಹೇಳುವುದಿಲ್ಲ. ನಗುತ್ತಾರೆ. ಮಾರ್ಚಿನಲ್ಲಿ ಮುಂದಿನ ವರ್ಷದ ವೇಳಾಪಟ್ಟಿ ಬಂದಾಗ ಅದರಲ್ಲಿ ನಿಮ್ಮ ಹೆಸರಿರುವುದಿಲ್ಲ. ಆಗಲೂ ನಗುತ್ತಾರೆ. ಕಾಂಬೋಡಿಯಾದಲ್ಲಿ ನಮ್ಮ ಬೀಳ್ಕೊಡುಗೆಯ ಕೇಕು ಬಂದ ಮೇಲೆಯೇ ನಾವು ಹೊರಡುತ್ತಿದ್ದೇವೆ ಎನ್ನುವುದು ನಮಗೆ ತಿಳಿದದ್ದು. ಕೇಕು ಚೆನ್ನಾಗಿತ್ತು.

ಇಲ್ಲಿ ಇಂಥದ್ದನ್ನೆಲ್ಲ ನೋಡಿಕೊಳ್ಳುವವರು ಉಪನಿರ್ದೇಶಕ ಅಜಾನ್ ವಿರೋತ್. ಅಜಾನ್ ಎಂದರೆ ಗುರುಗಳು. ಶಿಸ್ತಿನ ವಿಭಾಗವೂ ಅವರದೇ. ಸ್ಕೌಟ್ ಸಮವಸ್ತ್ರದ ದೊಡ್ಡ ಜೇಬಿನಲ್ಲಿ ಸದಾ ಒಂದು ಕತ್ತರಿ. ಥಾಯ್ ಗಂಡಸರು ಮರ್ಯಾದೆಗೆಂದು ಮಾತಿನ ಕೊನೆಗೆ ‘ಖ್ರಾಪ್’ ಎಂದು ಸೇರಿಸುತ್ತಾರೆ. ವಿರೋತರು ‘ಖ್ರಾಪ್’ ಅಂದರೆ ಹುಡುಗರು ಎರಡೂ ಕೈಯಲ್ಲಿ ತಲೆ ಮುಟ್ಟಿಕೊಳ್ಳುತ್ತಿದ್ದರು, ಏಕೆಂದರೆ ಕಿವಿ ದಾಟಿದ ಕೂದಲಿಗೆ ಅಲ್ಲೇ, ನಿಂತಲ್ಲೇ ಕ್ರಾಪು. ಮುಖದಲ್ಲಿ ಮುಗುಳ್ನಗೆ ಖಾಯಂ, ಆದರೆ ಅದು ಬಾಗಿಲಿಗೆ ಕಟ್ಟಿದ ಮಾವಿನೆಲೆಯಂತೆ ಒಣಗಿದ್ದು. ಅವರು ಬಾಯ್ತೆರೆದು ನಕ್ಕದ್ದನ್ನು ಕಂಡವರಿರಲಿಲ್ಲ.

ಅವರಿಗೊಂದು ಕಲೆಯಿತ್ತು. ಮಧ್ಯಾಹ್ನದ ಊಟದಲ್ಲಿ ಬೇಯಿಸಿದ ಮೊಟ್ಟೆ ಬಂದರೆ ಅದನ್ನು ಮೇಜಿಗೆ ಕುಟ್ಟುತ್ತಿರಲಿಲ್ಲ. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಸೆಲ್ಯೂಟ್ ಹೊಡೆಯುವವರಂತೆ ಹಣೆಗೆ ಒಂದೇ ಏಟು. ಮೊಟ್ಟೆ ಬಿರಿಯುತ್ತಿತ್ತು. ಕೂತು, ಸುಲಿದು ತಿನ್ನುತ್ತಿದ್ದರು. ಇದು ತಮಾಷೆಯೋ ವ್ಯಾಯಾಮವೋ ಯಾರಿಗೂ ತಿಳಿಯದು. ಮಕ್ಕಳು ತಟ್ಟೆಯೊಳಗೆ ಮುಖ ಹುದುಗಿಸಿ ಕೆಮ್ಮುತ್ತಿದ್ದರು.

ನನಗೆ ಅನುಕರಣೆಯ ಹುಚ್ಚು. ಊಟಕ್ಕೆ ಕೂತಾಗ ನಾನು ವಿರೋತರಾಗುತ್ತಿದ್ದೆ. ಎದ್ದು ನಿಂತು, ಗಲ್ಲ ಒಳಗೆಳೆದು, ಆಲೂಗಡ್ಡೆಯನ್ನು ಹಣೆಗೆ ಬಡಿದುಕೊಳ್ಳುತ್ತಿದ್ದೆ. ಪಿಯಾ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು, ಹೇಳಿದರೆ ಅವಳಿಗೆ ಕೊಬ್ಬು ಬರುತ್ತದೆಂದು ಹೇಳಿರಲಿಲ್ಲ.

ಫೆಬ್ರವರಿಯ ಕೊನೆಗೆ ಶಾಲೆಯಲ್ಲಿ ಇಂಗ್ಲಿಷ್ ದಿನ. ಅವತ್ತು ಪೋಷಕರೆಲ್ಲ ಬಂದು ತಮ್ಮ ಮಕ್ಕಳು ಇಂಗ್ಲಿಷ್ ಮಾತಾಡುವುದನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಅದನ್ನು ನಡೆಸುವವನು ನಾನು. ಅದಕ್ಕೆ ಕೆಲವು ದಿನ ಮೊದಲು ವಿರೋತರು ನನ್ನನ್ನು ಮೈದಾನದ ನಡುವೆ ನಿಲ್ಲಿಸಿದರು. ಅವರ ಇಂಗ್ಲಿಷ್ ಮತ್ತು ನನ್ನ ಥಾಯ್ ಎರಡೂ ಕುಂಟು. ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ಹೇಗೋ ನಡೆಯುತ್ತಿದ್ದವು. ಅವರ ಬಾಯಲ್ಲಿ ವೆಂಡೆಲ್ ‘ವೆನ್’ ಆಗುತ್ತಿತ್ತು.

“ಟೀಚರ್ ವೆನ್. ವೇದಿಕೆ ಇಲ್ಲಿ. ಪೆಂಡಾಲು ಬೇಡ. ಫೋಟೋಗೆ ಆಕಾಶ ಬೇಕು.”

“ಮಾವಿನ ಹೂ ತೊಳೆಯೋ ಮಳೆ ಬರೋ ಕಾಲ, ಅಜಾನ್. ನಿನ್ನೆ ಸಂಜೆ ಗುಡುಗಿತ್ತು.”

“ಮಳೆ ಬಂದ್ರೆ ನೀವು ಹೊಣೆ, ಖ್ರಾಪ್.”

“ಮಳೆಗೆ ನಾನು ಹೇಗೆ ಹೊಣೆ?”

“ವಿಜ್ಞಾನದ ಟೀಚರ್ ಅಲ್ವಾ,” ಎಂದರು ಅವರು. ಮುಖದ ಮೇಲೆ ಅದೇ ಒಣ ಮಾವಿನೆಲೆ.

ಈ ಮಾತನ್ನು ನಾನು ಮನೆಯಲ್ಲಿ ವಿರೋತರ ಧ್ವನಿಯಲ್ಲೇ ಒಪ್ಪಿಸಿದೆ. ಎಲ್ಲರೂ ನಕ್ಕರು, ಲೋಲಾ ಒಬ್ಬರನ್ನು ಬಿಟ್ಟು. ಲೋಲಾ ಎಂದರೆ ನಮ್ಮಲ್ಲಿ ಅಜ್ಜಿ. ಮರಿವಿಕ್‌ಳ ತಾಯಿ ಕೊಂಚಿಂಗ್, ಪಿಯಾಳ ಕಾರಣದಿಂದ ಎಲ್ಲರಿಗೂ ಲೋಲಾ. ದೇಶದಿಂದ ದೇಶಕ್ಕೆ ನಮ್ಮ ಜೊತೆ ಬರುವ ಎರಡು ಸಂಗತಿಗಳಲ್ಲಿ ಒಂದು ಅನ್ನ ಬೇಯಿಸುವ ಕುಕ್ಕರ್, ಇನ್ನೊಂದು ಅವರು. ನನ್ನನ್ನು ‘ಇಹೋ’ ಎಂದು ಕರೆಯುತ್ತಾರೆ, ಮಗನೇ ಎಂದರ್ಥ. ಸರಿಯಾದ ಹೆಸರೇ. ಪರದ ವ್ಯವಹಾರವೆಲ್ಲ ಅವರದು, ಇಹದ್ದು ನನ್ನದು.

“ನಗೋದು ಬಿಡು ಇಹೋ. ಸಂತ ಕ್ಲಾರಾಗೆ ಮೊಟ್ಟೆ ಕೊಟ್ರೆ ಮಳೆ ಬರಲ್ಲ,” ಎಂದರು ಲೋಲಾ. “ನಿನ್ನ ಮದುವೆ ದಿನ ಬಂತಾ? ಇಲ್ಲ. ಯಾಕೆ ಅಂದ್ಕೊಂಡೆ? ಬುಟ್ಟಿ ತುಂಬ ಮೊಟ್ಟೆ ಹೊತ್ಕೊಂಡು ಅವಳ ಸನ್ಯಾಸಿನಿಯರ ಮಠಕ್ಕೆ ಹೋಗಿದ್ದೆ ನಾನು.”

“ಮದುವೆ ಆಗಿದ್ದು ಏಪ್ರಿಲ್ಲಲ್ಲಿ ಲೋಲಾ. ಏಪ್ರಿಲ್ಲಲ್ಲಿ ನಮ್ಮೂರ ಕಪ್ಪೆಗಳೂ ನೀರು ಕೊಂಡ್ಕೊಂಡು ಕುಡೀತಾವೆ.”

“ಅದೂ ಅವಳ ಕೃಪೆಯೇ.”

“ಸರಿ. ಇಲ್ಲಿ ಕ್ಲಾರಾಳ ಮಠ ಎಲ್ಲಿದೆ?”

“ಶಾಲೆ ಗೇಟಿನ ಹತ್ರ ಕಂಬದ ಮೇಲೆ ಒಂದು ಪುಟ್ಟ ಮನೆ ಇದ್ಯಲ್ಲ, ಮುಂದೆ ಪಟ್ಟೆ ಕುದುರೆ ಬೊಂಬೆ, ಕೆಂಪು ಸೋಡಾ ಬಾಟ್ಲಿ ಎಲ್ಲಾ ಇಟ್ಟಿರ್ತಾರೆ...”

“ಅದು ಆ ಜಾಗದ ದೇವತೆ ಗುಡಿ ಅಮ್ಮಾ,” ಎಂದಳು ಮರಿವಿಕ್. “ಅವ್ರಿಗೂ ಕ್ಲಾರಾಗೂ ಏನು ಸಂಬಂಧ?”

“ಇರ್ಲಿ. ಒಳ್ಳೇ ಮನೆತನದವರ ಹಾಗೆ ಕಾಣ್ತಾರೆ. ತಲುಪಿಸ್ತಾರೆ,” ಎಂದರು ಲೋಲಾ.

ಮಾರನೆಯ ದಿನ ಪಿಯಾಳನ್ನು ಶಾಲೆಗೆ ಬಿಡಲು ಬಂದ ಲೋಲಾ ಬುಟ್ಟಿಯನ್ನು ಗುಡಿಯ ಮುಂದೆ ಇಟ್ಟು, ಶಿಲುಬೆಯ ಗುರುತು ಮಾಡಿಕೊಂಡು, ಒಂದು ಪಟ್ಟೆ ಕುದುರೆಯ ತಲೆ ಸವರಿ ಹೊರಟುಹೋದರು. ಬುಟ್ಟಿಯ ತುಂಬ ಹಸಿ ಮೊಟ್ಟೆ. ನಮ್ಮಲ್ಲಿ ಹಾಗೆಯೇ: ಕೇಳುವ ಮೊದಲೇ ಕೊಡಬೇಕು, ಹಸಿಯದನ್ನೇ ಕೊಡಬೇಕು, ಸನ್ಯಾಸಿನಿಯರು ಅದನ್ನು ತಮಗೆ ಬೇಕಾದ ಹಾಗೆ ಬೇಯಿಸಿಕೊಳ್ಳುತ್ತಾರೆ.

ಇಲ್ಲಿಯವರ ಕ್ರಮ ಬೇರೆ. ಮೊದಲು ಕೇಳುತ್ತಾರೆ, ಕೆಲಸವಾದ ಮೇಲೆ ಕೊಡುತ್ತಾರೆ. ದೇವತೆಗೆ ಒಲೆಯಿಲ್ಲವಾದ್ದರಿಂದ ಬೇಯಿಸಿಯೇ ಕೊಡುತ್ತಾರೆ. ಊದುಬತ್ತಿ ಆರಿದ ಮೇಲೆ ದೇವತೆಯ ಅಪ್ಪಣೆ ಕೇಳಿ ಯಾರು ಬೇಕಾದರೂ ಅದನ್ನು ತೆಗೆದುಕೊಂಡು ಹೋಗಿ ತಿನ್ನಬಹುದು, ತಿಂದವರಿಗೆ ಅದೃಷ್ಟ. ನಮ್ಮ ಶಾಲೆಯಲ್ಲಿ ಈ ಅದೃಷ್ಟದ ಗುತ್ತಿಗೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅದರ ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಬರಮಾಡಿಕೊಳ್ಳುವ ಸರದಿ ನನ್ನದು, ಜೊತೆಗೆ ವಿರೋತರು. ಗಂಟೆ ಬಾರಿಸಿ ಗೇಟು ಮುಚ್ಚಿದ ಮೇಲೆ ಅವರು ಗುಡಿಯ ಮುಂದೆ ನಿಂತು ಕೈ ಮುಗಿದರು, ತುಟಿ ಅಲ್ಲಾಡಿಸಿ ಅಪ್ಪಣೆ ಕೇಳಿದರು, ಕೇಳಿದ ಮರುಗಳಿಗೆಯೇ ಸಿಕ್ಕಿತೆಂದು ಕಾಣುತ್ತದೆ, ಬುಟ್ಟಿ ಎತ್ತಿಕೊಂಡರು.

“ಯಾರಿಗೋ ದೊಡ್ಡ ಹರಕೆ ಕೈಗೂಡಿದೆ. ಎಷ್ಟೊಂದು ಮೊಟ್ಟೆ, ನೋಡಿ,” ಎಂದರು.

ಅಜಾನ್, ಅವು ಹಸಿ, ಎಂದು ಹೇಳಲು ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದಿದ್ದೆ.

ಅಷ್ಟರಲ್ಲಿ ಅವರು, “ಟೀಚರ್ ವೆನ್, ಮುಂದಿನ ವರ್ಷ ಹೊಸ ಟೀಚರ್ ಬರ್ತಾರೆ. ಎತ್ತರ. ಹೊಂಬಣ್ಣದ ಕೂದಲು,” ಎಂದು ಕೈಯನ್ನು ತಮ್ಮ ತಲೆಗಿಂತ ಒಂದು ಮೊಳ ಮೇಲೆ ಹಿಡಿದು ತೋರಿಸಿದರು.

“ಯಾವ ದೇಶದವರು?”

“ಗೊತ್ತಿಲ್ಲ. ಎತ್ತರ.”

“ಇಂಗ್ಲಿಷ್ ಬರುತ್ತಾ?”

“ಫೋಟೋದಲ್ಲಿ ಚೆನ್ನಾಗಿ ಬರ್ತಾರೆ, ಖ್ರಾಪ್.”

ತೆರೆದ ಬಾಯಿಯನ್ನು ಮುಚ್ಚಿದೆ. ನನಗೆ ಇದು ಹೊಸದಲ್ಲ. ಬಿಳಿಯ ಮುಖವೊಂದು ಬಂದರೆ ನಮ್ಮಂಥ ಕಂದು ಮುಖ ಎರಡು ಹೊರಡುತ್ತವೆ. ಎರಡು ದೇಶಗಳಲ್ಲಿ ನೋಡಿದ್ದೇನೆ. ಇಷ್ಟಾದರೂ ವಿರೋತರು ನಗುತ್ತ ನಿಂತಿದ್ದರು. ನನಗೆ ಸೂಟ್‌ಕೇಸಿನೊಳಗೆ ಬೆಚ್ಚಗೆ ಮಲಗಿದ್ದ ಬೆಕ್ಕಿನ ಮರಿಗಳು ನೆನಪಾದವು. ಕಳೆದುಕೊಳ್ಳಲು ಇನ್ನೇನೂ ಇಲ್ಲದವನಿಗೆ ಬರುವಂಥ ಒಂದು ದಿವ್ಯವಾದ ಯೋಚನೆ ನನಗೆ ಬಂತು.

“ಅಜಾನ್,” ಎಂದೆ, ಬೆಣ್ಣೆಯ ಧ್ವನಿಯಲ್ಲಿ. “ಇಂಗ್ಲಿಷ್ ದಿನ ಪೋಷಕರೆಲ್ಲ ಬರ್ತಾರೆ. ನಿಮ್ಮ ಮೊಟ್ಟೆ ಕಲೆಯನ್ನ ಅವ್ರು ನೋಡೇ ಇಲ್ಲ. ವೇದಿಕೆ ಮೇಲೆ ಒಂದ್ಸಲ...”

“ಊಟದ ಮನೆಯದು ಊಟದ ಮನೆಗೇ ಸರಿ.”

“ಮಕ್ಕಳಿಗೆ ಧೈರ್ಯ ಬರುತ್ತೆ. ಅದೂ ಗುಡಿ ಮೊಟ್ಟೆಯಲ್ಲಿ ಮಾಡಿದ್ರೆ ಶಾಲೆಗೇ ಅದೃಷ್ಟ.”

ಅವರು ಬುಟ್ಟಿಯನ್ನು ನೋಡಿದರು, ಆಕಾಶವನ್ನು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಹಣೆ ಸವರಿಕೊಂಡರು. “ಭಾಷಣದ ಶುರುವಿಗೆ ಇಟ್ಕೊಳ್ಳೋಣ, ಖ್ರಾಪ್,” ಎಂದರು.

ಅವತ್ತು ನಾನು ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠವನ್ನು ಎಂದೂ ಇಲ್ಲದ ಹುರುಪಿನಿಂದ ಮಾಡಿದೆ.

ಇಂಗ್ಲಿಷ್ ದಿನದ ಬೆಳಿಗ್ಗೆ ಆಕಾಶ ಕರಿಬಾಣಲೆ ಕವುಚಿದ ಹಾಗಿತ್ತು. ಮೈದಾನದಲ್ಲಿ ಕುರ್ಚಿಗಳ ಸಾಲು, ಬಣ್ಣದ ಬಾವುಟ, ಎಲ್ಲ ಆಗಿತ್ತು. ಲೋಲಾ ಎರಡನೆಯ ಸಾಲಿನಲ್ಲಿ ಕೂತು ಮೋಡಗಳನ್ನು ಕಣ್ಣಲ್ಲೇ ಗದರಿಸುತ್ತಿದ್ದರು. ನಾನು ಮೈಕು ಪರೀಕ್ಷೆ ಮಾಡುತ್ತಿದ್ದೆ. ಮರಿವಿಕ್ ಓಡುತ್ತ ಬಂದಳು. ಶಿಶುವಿಹಾರದ ಟೀಚರುಗಳು ಓಡುವುದು ಮಗು ಬಿದ್ದಾಗ ಮಾತ್ರ, ಹಾಗಾಗಿ ನಾನೂ ಗಾಬರಿಯಾದೆ.

“ಪಾ, ನಿರ್ದೇಶಕಿ ನನ್ನ ಕರೆದಿದ್ರು. ವಿರೋತ್ ನಮ್ಮ ಪರವಾಗಿ ತಿಂಗಳಿಂದ ಅವರ ಹತ್ರ ಜಗಳ ಆಡ್ತಿದಾರಂತೆ.”

“ಯಾವ ವಿರೋತ್?”

“ಎಷ್ಟು ಜನ ಇದಾರೆ? ‘ಎತ್ತರದವನು ಫೋಟೋಗೆ ಇರ್ಲಿ, ಪಾಠಕ್ಕೆ ಈ ಕುಟುಂಬ ಬೇಕು’ ಅಂದ್ರಂತೆ. ನಿರ್ದೇಶಕಿ ಇನ್ನೂ ಹೂಂ ಅಂದಿಲ್ಲ. ಇವತ್ತು ಕಾರ್ಯಕ್ರಮ ನೋಡಿ, ಅಜಾನ್ ಭಾಷಣ ಕೇಳಿ ಹೇಳ್ತೀನಿ ಅಂದಿದಾರೆ. ಭಾಷಣದಲ್ಲಿ ಎಲ್ಲರ ಮುಂದೆ ನಮ್ಮ ವಿಷಯ ಎತ್ತೋಕೆ ಅವ್ರು ಯೋಚಿಸಿದಾರಂತೆ.” ಅವಳು ನನ್ನ ಮುಖ ನೋಡಿದಳು. “ಯಾಕೆ ಹಾಗೆ ಬೆಳ್ಳಗಾದೆ? ಖುಷಿ ಪಡೋದು ಬಿಟ್ಟು?”

ಹೇಳಿದೆ. ಹೇಳದೆ ವಿಧಿಯಿರಲಿಲ್ಲ.

“ವೆಂಡೆಲ್ ಮಗ್ಬಾನುವಾ,” ಎಂದಳು ಮರಿವಿಕ್, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಹಲ್ಲಿನಲ್ಲಿ ಕಡಿದು. “ನಮ್ಮ ಅನ್ನ ನಿಂತಿರೋ ಹಣೆ ಮೇಲೆ ನೀನು ಹಸಿ ಮೊಟ್ಟೆ ಒಡೆಸ್ತಿದೀಯ.”

“ಒಡೆಯೋವ್ರು ಅವರೇ. ನಾನು ಬರೀ ಸಲಹೆ...”

“ಕೆಟಲ್ ಎಲ್ಲಿದೆ?”

ಟೀಚರುಗಳ ಕೋಣೆಯಲ್ಲಿ ನೂಡಲ್ಸಿಗೆ ನೀರು ಕಾಯಿಸುವ ಕೆಟಲ್ ಇದೆ. ಕ್ಯಾಂಟೀನಿನಿಂದ ಮೊಟ್ಟೆ ತಂದು ಅದರಲ್ಲಿ ಬೇಯಿಸಿದೆವು. ಬೇಯುವಾಗ ನನ್ನ ಹೆಂಡತಿ ಆಡಿದ ಮಾತುಗಳನ್ನು ಶಿಶುವಿಹಾರದ ಟೀಚರ್ ಒಬ್ಬಳು ಆಡಬಹುದೆಂದು ನಾನು ಊಹಿಸಿರಲಿಲ್ಲ. ಇನ್ನು ಉಳಿದದ್ದು ವಿರೋತರ ಕೋಣೆಯಲ್ಲಿರುವ ಬುಟ್ಟಿಯ ಮೊಟ್ಟೆಗಳನ್ನು ತೆಗೆದು ಇವನ್ನು ಇಡುವುದು. ಆದರೆ ವಿರೋತರು ಕೋಣೆಯಲ್ಲೇ ಕೂತು ಭಾಷಣ ಬಾಯಿಪಾಠ ಮಾಡುತ್ತಿದ್ದರು. ಬುಟ್ಟಿ ಅವರ ಮೊಣಕೈ ಪಕ್ಕದಲ್ಲೇ ಇತ್ತು.

“ಈಗೇನು ಮಾಡ್ತೀಯ?” ಎಂದಳು ಮರಿವಿಕ್, ಪಿಸುಮಾತಿನಲ್ಲಿ.

ದೇವರು ನನಗೆ ಕೊಟ್ಟಿರುವುದು ಒಂದೇ ವಿದ್ಯೆ. ಮೂಲೆಯ ಆಚೆ ಮರೆಯಾಗಿ ನಿಂತು, ಮೂಗನ್ನು ಸ್ವಲ್ಪ ಹಿಡಿದು, ನಿರ್ದೇಶಕಿಯಾದೆ. ಅವರದು ತೆಳ್ಳಗಿನ, ಸಕ್ಕರೆಯ ಧ್ವನಿ. ಇಲ್ಲಿಯ ಹೆಂಗಸರಂತೆ ಮಾತಿನ ಕೊನೆಗೆ ‘ಖಾ’ ಎಂದು ಎಳೆಯುತ್ತಾರೆ. ಅವರ ‘ಖಾ’ ಕೊಂಬೆಯ ಮೇಲಿನ ಹಕ್ಕಿಯನ್ನೂ ಕೆಳಗಿಳಿಸುವಂಥದ್ದು.

“ಅಜಾನ್ ವಿರೋತ್ ಖಾ... ಒಂದು ನಿಮಿಷ ಬನ್ನಿ ಖಾ...”

ಕುರ್ಚಿ ಹಿಂದೆ ಸರಿದ ಸದ್ದು. ಬೂಟುಗಳು ನಿರ್ದೇಶಕಿಯ ಕೋಣೆಯತ್ತ ಓಡಿದವು. ನಾವು ಒಳಗೆ ನುಗ್ಗಿ, ಹಸಿಯವನ್ನು ತೆಗೆದು ಬೆಂದವನ್ನು ಇಟ್ಟೆವು. ಹಸಿಯವನ್ನು ಮರಿವಿಕ್ ತನ್ನ ಬೊಂಬೆಯಾಟದ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬರುವಷ್ಟರಲ್ಲಿ ವಿರೋತರು ಎದುರಾದರು. ಮುಖದ ಬಣ್ಣ ಇಳಿದಿತ್ತು.

“ನಿರ್ದೇಶಕಿ ಕೋಣೆಯಲ್ಲಿ ಇಲ್ಲ. ಅಂಗಳದಲ್ಲಿ ಇದಾರೆ. ಆದ್ರೆ ಅವರ ಧ್ವನಿ ಇಲ್ಲೇ ಇತ್ತು,” ಎಂದರು.

“ನನಗೇನೂ ಕೇಳಿಸ್ಲಿಲ್ಲ, ಅಜಾನ್.”

ವಿರೋತರು ಗೇಟಿನ ಕಡೆಗೆ, ಗುಡಿಯ ಕಡೆಗೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಬುಟ್ಟಿ ತೆಗೆದುಕೊಂಡು ಬಹಳ ಭಕ್ತಿಯಿಂದ ಹೊರಟರು.

ಮರಿವಿಕ್ ನಿಟ್ಟುಸಿರಿಟ್ಟಳು. ನಾನು ಬೆಂದ ಮೊಟ್ಟೆಗಳಲ್ಲಿ ಉಳಿದಿದ್ದ ಒಂದನ್ನು ತಿನ್ನೋಣವೆಂದು ಜೇಬಿಗೆ ಹಾಕಿಕೊಂಡೆ.

ಕಾರ್ಯಕ್ರಮ ಚೆನ್ನಾಗಿಯೇ ಶುರುವಾಯಿತು. ಪಿಯಾ ಮತ್ತು ಬೈತೋಂಗ್ ನಿರೂಪಕಿಯರು. ಮಕ್ಕಳು ಹಣ್ಣುಗಳಾಗಿ ಬಂದು ತಮ್ಮ ಹೆಸರು ಹೇಳಿದರು. ಒಂದು ಬಾಳೆಹಣ್ಣು ಅಳುತ್ತ ಅಮ್ಮನ ಹತ್ತಿರ ಹೋಯಿತು. ಮೋಡ ಗುಡುಗಿತು, ಲೋಲಾ ಜಪಮಣಿ ತೆಗೆದರು. ಆಮೇಲೆ ಪಿಯಾ, “ಈಗ ನಮ್ಮ ಪ್ರೀತಿಯ ಅಜಾನ್ ವಿರೋತ್,” ಎಂದಳು. ‘ಪ್ರೀತಿಯ’ ಎಂಬಲ್ಲಿ ಮಕ್ಕಳ ಸಾಲಿನಿಂದ ಒಂದು ಕೆಮ್ಮು ಬಂತು.

ವಿರೋತರು ಬುಟ್ಟಿಯೊಂದಿಗೆ ವೇದಿಕೆ ಹತ್ತಿದರು. ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಬುಟ್ಟಿಗೆ ಕೈ ಹಾಕಲೇ ಇಲ್ಲ. ಸ್ಕೌಟ್ ಅಂಗಿಯ ಜೇಬಿನ ಗುಂಡಿ ಬಿಚ್ಚಿ, ಒಳಗಿನಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಮೊಟ್ಟೆ ಹೊರತೆಗೆದರು. ಬುಟ್ಟಿಯಲ್ಲೆಲ್ಲ ದೊಡ್ಡದು. ಬೆಳಿಗ್ಗೆಯೇ ಆರಿಸಿ ಜೇಬಿಗಿಳಿಸಿದ್ದರು.

ಮೆಟ್ಟಿಲ ಪಕ್ಕ ನಿಂತಿದ್ದ ನಾನು ಮರಿವಿಕ್‌ಳನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ವೇದಿಕೆಗೆ ಹಾರಿದೆ. ನನ್ನ ಜೇಬಿನ ಬೆಂದ ಮೊಟ್ಟೆಯನ್ನು ತೆಗೆದು, ಹಾರ ಹಾಕಲು ಬಂದವನಂತೆ ಬಗ್ಗಿ, ಎರಡೂ ಕೈಯಲ್ಲಿ ಮುಂದೆ ಹಿಡಿದೆ.

“ಅಜಾನ್, ಅದು ಬೇಡ. ಇದು.”

“ಟೀಚರ್ ವೆನ್, ದಾರಿ ಬಿಡಿ.”

“ಇದು ಒಳ್ಳೇ ಮೊಟ್ಟೆ, ಅಜಾನ್.”

“ಇದು ಗುಡಿ ಮೊಟ್ಟೆ,” ಎಂದರು ಅವರು, ಆಮೇಲೆ ಧ್ವನಿ ತಗ್ಗಿಸಿ, “ದೇವತೆ ಇವತ್ತು ನನ್ನ ಹೆಸರು ಹಿಡಿದು ಕರೆದಿದಾಳೆ. ಪಕ್ಕಕ್ಕೆ ಸರೀರಿ.”

ಪೋಷಕರು ಇದನ್ನೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ವಿರೋತರು ಗಲ್ಲ ಒಳಗೆಳೆದರು. ಸೆಲ್ಯೂಟ್ ಹೊಡೆಯುವವರಂತೆ ಕೈ ಎತ್ತಿ, ಒಂದೇ ಏಟು.

ಬೆಂದ ಮೊಟ್ಟೆ ‘ಟಕ್’ ಎನ್ನುತ್ತದೆ. ಇದು ‘ಪಚಕ್’ ಎಂದಿತು.

ಬಿಳಿ ಮೊದಲು ಇಳಿಯಿತು, ಹುಬ್ಬಿನ ಹತ್ತಿರ ಸ್ವಲ್ಪ ಯೋಚನೆ ಮಾಡಿ ಎರಡು ದಾರಿ ಹಿಡಿಯಿತು. ಹಳದಿ ಒಡೆಯದೆ ಇಡಿಯಾಗಿ ಮೂಗಿನ ಮೇಲೆ ಬಂದು ಕೂತು, ಒಂದು ಕ್ಷಣ ಶಾಲೆಯನ್ನೆಲ್ಲ ನೋಡಿ, ಆಮೇಲೆ ಜಾರಿ ಅಂಗಿಯ ಪದಕಗಳ ಮೇಲೆ ಒಡೆಯಿತು. ವಿರೋತರು ಅಲುಗಲಿಲ್ಲ. ಕೈ ಇನ್ನೂ ಹಣೆಯ ಹತ್ತಿರವೇ ಇತ್ತು.

ಒಬ್ಬರೂ ನಗಲಿಲ್ಲ. ಶಿಸ್ತಿನ ವಿಭಾಗದ ಮುಖ್ಯಸ್ಥರ ಮುಖದಿಂದ ಮೊಟ್ಟೆ ಸುರಿಯುವಾಗ ಏನು ಮಾಡಬೇಕೆಂದು ಯಾರೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ನಿರ್ದೇಶಕಿ ಮುಂದಿನ ಸಾಲಿನಲ್ಲಿ ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು ಕಲ್ಲಾಗಿದ್ದರು. ನಾನು ಮನಸ್ಸಿನಲ್ಲೇ ಬೆಕ್ಕಿನ ಮರಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಡುತ್ತಿದ್ದೆ.

ಆಗ ಲೋಲಾ ಎದ್ದು ನಿಂತರು. ನಮ್ಮ ಭಾಷೆಯಲ್ಲಿ, ಮೈದಾನದ ಆ ತುದಿಗೆ ಕೇಳುವ ಹಾಗೆ, ಏನೋ ಹೇಳಿದರು. ವಿರೋತರ ಕಣ್ಣು ಪಿಯಾಳ ಕಡೆ ತಿರುಗಿತು. ಮೊಟ್ಟೆಯ ನಡುವೆ ಎಷ್ಟು ತಿರುಗಬಹುದೋ ಅಷ್ಟು.

“ಅಜ್ಜಿ ಏನಂತಾರೆ?”

ಪಿಯಾ ಮೈಕನ್ನು ಬಾಯಿಗೆ ಹಿಡಿದಳು. ಅನುವಾದ ಅವಳ ಹುಟ್ಟುಗುಣ, ತಡೆಯಲಾಗುವುದಿಲ್ಲ. “ಲೋಲಾ ಹೇಳ್ತಿದಾರೆ, ಅದು ಅವರ ಮೊಟ್ಟೆಯಂತೆ. ಮಳೆ ಬರಬಾರದು ಅಂತ ಗುಡಿ ಹತ್ರ ಇಟ್ಟಿದ್ದಂತೆ. ಬೇಯಿಸಿಲ್ಲವಂತೆ.” ಸ್ವಲ್ಪ ತಡೆದು, “ನೀವು ಯಾಕೆ ಕದ್ರಿ ಅಂತ ಕೇಳ್ತಿದಾರೆ, ಅಜಾನ್,” ಎಂದಳು.

“ನಾನು ಅಪ್ಪಣೆ ಕೇಳಿದ್ದೆ.”

ಪಿಯಾ ಲೋಲಾಗೆ ಹೇಳಿದಳು. ಲೋಲಾ ಉತ್ತರ ಕೊಟ್ಟರು. “ಯಾರನ್ನ ಕೇಳಿದ್ರಿ, ಮೊಟ್ಟೆ ನಂದು, ಅಂತಾರೆ.”

“ಹರಕೆ ಕೈಗೂಡೋ ಮೊದಲೇ ಕೊಟ್ರಾ?” ವಿರೋತರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮುಂಗಡವಾ?”

“ನಮ್ಮಲ್ಲಿ ಮೊದಲೇ ಕೊಡೋದು, ಅಜಾನ್,” ಎಂದಳು ಪಿಯಾ.

ವಿರೋತರು ತಲೆ ಎತ್ತಿ ಆಕಾಶ ನೋಡಿದರು. ಎಲ್ಲರೂ ನೋಡಿದೆವು. ನಮ್ಮ ತಲೆಯ ಮೇಲೆ ಬಾಣಲೆ ಪಕ್ಕಕ್ಕೆ ಸರಿದು ಬಿಸಿಲು ಬಿದ್ದಿತ್ತು. ನದಿಯಾಚೆ ಲಾವೋಸ್ ಬೆಟ್ಟಗಳ ಮೇಲೆ ಮಾತ್ರ ಬೂದು ಪರದೆ ಇಳಿದಿತ್ತು. ವೀಸಾ ಮುಗಿದ ನಮ್ಮಂಥ ಮೇಷ್ಟ್ರುಗಳ ಹಾಗೆ ಮಳೆಯೂ ನದಿ ದಾಟಿ ಆಚೆಗೆ ಹೋಗಿತ್ತು.

ವಿರೋತರು ಕಣ್ಣು ಕೆಳಗಿಳಿಸಿದರು. ಅದು ನನ್ನ ಮೇಲೆ ಬಂದು ನಿಂತಿತು. ನಾನು ಇನ್ನೂ ಬಗ್ಗಿಕೊಂಡೇ, ಎರಡೂ ಕೈಯಲ್ಲಿ ಆ ಬೆಂದ ಮೊಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಅವರು ಅದನ್ನು ತೆಗೆದುಕೊಂಡರು. ಹಣೆಗೆ ಮೆಲ್ಲಗೆ ತಾಗಿಸಿದರು. ಟಕ್. ಸುಲಿದು ನೋಡಿದರು. ಬುಟ್ಟಿಯಿಂದ ಒಂದು ತೆಗೆದು ಅದನ್ನೂ ಒಡೆದು ನೋಡಿದರು. ಟಕ್. ಇನ್ನೂ ಬೆಚ್ಚಗಿತ್ತು.

“ಟೀಚರ್ ವೆನ್. ಗೊತ್ತಿತ್ತು.” ಅದು ಪ್ರಶ್ನೆಯಾಗಿರಲಿಲ್ಲ.

“ಗೊತ್ತಿತ್ತು, ಅಜಾನ್.”

“ಗೇಟಿನ ಹತ್ರ. ಬೆಣ್ಣೆ ಮಾತು. ಆಗಲೇ ಗೊತ್ತಿತ್ತು.”

“ಹೌದು, ಅಜಾನ್.”

ಅವರು ಗುಡಿಯ ಕಡೆ ನೋಡಿದರು. ಹುಬ್ಬಿನಿಂದ ಒಂದು ಹನಿ ಬಿತ್ತು. “ದೇವತೆ?”

ಸುಳ್ಳು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೂಗು ಹಿಡಿದುಕೊಂಡೆ. “ಅಜಾನ್ ವಿರೋತ್ ಖಾ...” ಎಂದೆ, ಮೈಕು ಹತ್ತಿರವೇ ಇದೆಯೆಂಬುದನ್ನು ಮರೆತು.

ನಿರ್ದೇಶಕಿಯ ಧ್ವನಿ ನಾಲ್ಕು ಧ್ವ‌ನಿವರ್ಧಕಗಳಿಂದ ಮೈದಾನದ ಮೇಲೆ ಹರಿಯಿತು. ನಿರ್ದೇಶಕಿ ಬೀಸಣಿಗೆ ಕೆಳಗಿಳಿಸಿ, ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು. ಆಮೇಲೆ ಅವರ ಭುಜಗಳು ಅಲುಗಾಡತೊಡಗಿದವು. ಬೀಸಣಿಗೆ ಮತ್ತೆ ಮೇಲೆ ಹೋಯಿತು, ಆದರೆ ತಡವಾಗಿತ್ತು. ಹಿಂದಿನ ಸಾಲಿನವರೆಲ್ಲ ನೋಡಿಬಿಟ್ಟಿದ್ದರು. ಅಲ್ಲೊಂದು ಇಲ್ಲೊಂದು ಕೆಮ್ಮು ಶುರುವಾಯಿತು.

ವಿರೋತರು ಮೈಕನ್ನು ತೆಗೆದುಕೊಂಡರು. ಮೈದಾನ ಮತ್ತೆ ತೆಪ್ಪಗಾಯಿತು. ಭಾಷಣದ ಚೀಟಿ ಜೇಬಿನಲ್ಲೇ ಹಳದಿಯಲ್ಲಿ ನೆನೆದುಹೋಗಿತ್ತು. ಅವರು ಲೋಲಾ ಕಡೆ ತಿರುಗಿ, ಹಿರಿಯರಿಗೆ ಮುಗಿಯುವ ಹಾಗೆ ಎರಡೂ ಕೈ ಹಣೆಯವರೆಗೆ ಎತ್ತಿ ಮುಗಿದರು. ಕೈ ಹಣೆಗೆ ಅಂಟಿಕೊಂಡಿತು, ಬಿಡಿಸಿಕೊಂಡರು.

“ಅಜ್ಜೀ. ಮುಂದಿನ ವರ್ಷ ಬೇಯಿಸ್ಕೊಂಡು ತನ್ನಿ, ಖ್ರಾಪ್.”

ಹೇಳಿ, ಅವರು ನಿರ್ದೇಶಕಿಯನ್ನು ನೋಡಿದರು. ಬೀಸಣಿಗೆಯ ಹಿಂದಿನಿಂದ ನಿರ್ದೇಶಕಿ ಎರಡು ಸಲ ತಲೆಯಾಡಿಸಿದರು. ಬಾಯಿ ಬಿಡುವಂತಿರಲಿಲ್ಲ, ಬಿಟ್ಟರೆ ನಗು ಹಾರಿಹೋಗುತ್ತಿತ್ತು. ಮರಿವಿಕ್ ಕಣ್ಣು ಬಿಟ್ಟಳು. ಪಿಯಾ ‘ಮುಂದಿನ ವರ್ಷ’ ಎನ್ನುವುದನ್ನು ಯಾರೂ ಕೇಳದಿದ್ದರೂ ಇಂಗ್ಲಿಷಿನಲ್ಲಿ ಹೇಳಿದಳು, ನಮ್ಮ ಭಾಷೆಯಲ್ಲಿ ಹೇಳಿದಳು, ಇನ್ನೂ ಎರಡು ದೇಶಗಳ ಭಾಷೆಯಲ್ಲಿ ಹೇಳಿದಳು. ಅಷ್ಟು ಹೇಳಿ, ಬೈತೋಂಗ್‌ಳ ಕುತ್ತಿಗೆಗೆ ಜೋತುಬಿದ್ದಳು.

“ಬೇಯಿಸಿದ್ರೆ ಮಳೆ ನಿಲ್ಲಲ್ಲ ಅಂತ ಹೇಳು ಆ ಮನುಷ್ಯನಿಗೆ,” ಎಂದರು ಲೋಲಾ, ಕೂರದೆ.

ಪಿಯಾ ಅದನ್ನೂ ಹೇಳಿದಳು.

ವಿರೋತರ ಮುಖದ ಒಣ ಮಾವಿನೆಲೆ ಒಂದು ಕಡೆಯಿಂದ ಹರಿಯಿತು. ಮೊದಲು ಬಂದದ್ದು ನಗುವೆಂದು ಯಾರಿಗೂ ಗೊತ್ತಾಗಲಿಲ್ಲ. ಹಳೆಯ ಪಂಪು ಕೆಸರು ಕಕ್ಕಿ ನೀರೆತ್ತುವ ಸದ್ದಿನ ಹಾಗಿತ್ತು. ಮೈಕು ಕೈಯಲ್ಲೇ ಇತ್ತು. ಅವರು ಬಗ್ಗಿದರು, ಮೊಣಕಾಲು ಹಿಡಿದುಕೊಂಡರು, ತಲೆ ಎತ್ತಿ ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಮತ್ತೆ ಬಗ್ಗಿದರು. ಆಗ ಹಿಡಿದಿಟ್ಟಿದ್ದ ನಗುವನ್ನು ಮಕ್ಕಳು ಬಿಟ್ಟರು, ಪೋಷಕರು ಬಿಟ್ಟರು, ನಿರ್ದೇಶಕಿ ಬೀಸಣಿಗೆಯನ್ನೇ ಬಿಟ್ಟರು. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೂ ಆ ನಾಲ್ಕು ಧ್ವನಿವರ್ಧಕಗಳಲ್ಲಿ ಎಲ್ಲರನ್ನೂ ಮೀರಿಸಿ, ನದಿಯಾಚೆ ಮಳೆಯಲ್ಲಿ ನೆನೆಯುತ್ತಿದ್ದವರಿಗೂ ಕೇಳುವ ಹಾಗೆ, ಗದ್ದದಿಂದ ಹಳದಿ ತೊಟ್ಟಿಕ್ಕಿಸುತ್ತ ನಗುತ್ತಿದ್ದವರು ಅಜಾನ್ ವಿರೋತ್.